ಬಚ್ಚಲಿನ ರೇಡಿಯೇಟರ್ ತೆಗೆದು ಟವೆಲ್ ವಾರ್ಮರ್ ಹಾಕಬಹುದೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು. ಮಗ ಜರ್ಮನಿಯಲ್ಲಿ ಹಳೆಯ ಕಟ್ಟಡವೊಂದರಲ್ಲಿ ಫ್ಲ್ಯಾಟ್ ತಗೊಂಡಿದ್ದಾನೆ. ಅಲ್ಲಿ ಬಚ್ಚಲುಮನೆಯಲ್ಲಿ ಬಿಸಿನೀರು ಹರಿಯುವ ರೇಡಿಯೇಟರ್ ಇದೆ. ಅದನ್ನು ತೆಗೆದು, ಅದೇ ಬಿಸಿನೀರು ಹರಿದು ಟವೆಲ್ ಒಣಗಿಸುವ ಏಣಿಯ ಆಕಾರದ ಟವೆಲ್ ವಾರ್ಮರ್ ಹಾಕಿಸಬೇಕೆಂದು ಸೊಸೆಗೆ ಆಸೆ. ತಾನೇ ಬಿಚ್ಚಿ ಜೋಡಿಸುತ್ತೇನೆ ಎನ್ನುತ್ತಾನೆ ಮಗ. ಅದು ಅಷ್ಟು ಸುಲಭದ ಕೆಲಸವೇ? ಇನ್ನೊಂದು ಪ್ರಶ್ನೆ. ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಬೈರಾಸು ಒಣಗುವುದೇ ಇಲ್ಲ, ಮುಗ್ಗು ವಾಸನೆ. ನಮ್ಮ ಸೋಲಾರಿನ ಬಿಸಿನೀರಿನ ಪೈಪಿಗೆ ಅಂಥದ್ದೇ ಒಂದನ್ನು ಜೋಡಿಸಬಹುದು ಎಂದು ಪ್ಲಂಬರ್ ಹೇಳುತ್ತಾರೆ. ಹಾಕಿಸೋಣವೇ?

ಉತ್ತರ: ಸೋಲಾರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಷ್ಟರೊಳಗೆ ನಿಮ್ಮ ಪ್ಲಂಬರ್ ಗೋಡೆ ಕೊರೆದುಬಿಟ್ಟರೆ ಕಷ್ಟ. ಬೇಡ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಮಗನ ಮನೆಯಲ್ಲಿ ಹಾಕಬಹುದು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಅವರು ಒಂದು ಲೆಕ್ಕ ಮಾಡಬೇಕು, ಒಂದೆರಡು ಫೋನೂ ಮಾಡಬೇಕು.

ಲೆಕ್ಕ ಶಾಖದ್ದು. ಅಲ್ಲಿನ ಚಳಿಗಾಲದಲ್ಲಿ ಬಚ್ಚಲುಮನೆಯನ್ನು ಬೆಚ್ಚಗಿಡುವುದು ಆ ರೇಡಿಯೇಟರ್ ಒಂದೇ. ಅದನ್ನು ತೆಗೆದ ಮೇಲೆ ಆ ಕೆಲಸವೆಲ್ಲ ಟವೆಲ್ ವಾರ್ಮರಿನ ಮೇಲೆ ಬೀಳುತ್ತದೆ. ಟವೆಲ್ ಬೆಚ್ಚಗಾಗುತ್ತದೋ ಇಲ್ಲವೋ ಅನ್ನುವುದು ಎರಡನೆಯ ಮಾತು, ಕೋಣೆ ಬೆಚ್ಚಗಾಗಬೇಕಲ್ಲ? ಜರ್ಮನಿಯಲ್ಲಿ ಉಳಿದ ಕೋಣೆಗಳಿಗೆ 20 ಡಿಗ್ರಿ ಎಂದು ಲೆಕ್ಕ ಹಿಡಿದರೆ ಬಚ್ಚಲುಮನೆಗೆ 24 ಡಿಗ್ರಿ ಹಿಡಿಯುತ್ತಾರೆ. ಒದ್ದೆ ಮೈಯಲ್ಲಿ ನಿಲ್ಲುವ ಜಾಗ ಅಲ್ವಾ. ಹಾಗಾಗಿ ಮನೆಯ ಅತಿ ಚಿಕ್ಕ ಕೋಣೆಗೆ, ಅದರ ಅಳತೆಗೆ ಹೋಲಿಸಿದರೆ, ಜಾಸ್ತಿ ಶಾಖ ಬೇಕಾಗುತ್ತದೆ.

ಈಗಿರುವ ರೇಡಿಯೇಟರ್ ಎಷ್ಟು ವಾಟ್ ಕೊಡುತ್ತದೆ ಎಂದು ಮೊದಲು ತಿಳಿಯಬೇಕು. ಮಗ ಟೇಪ್ ಹಿಡಿದು ಎತ್ತರ, ಅಗಲ ಅಳೆಯಲಿ. ಆಮೇಲೆ ಮೇಲಿನಿಂದ ಬಗ್ಗಿ ನೋಡಲಿ. ಒಳಗೆ ನೀರು ಹರಿಯುವ ಚಪ್ಪಟೆ ಹಲಗೆಗಳು ಎಷ್ಟಿವೆ, ಅವುಗಳ ನಡುವೆ ಮಡಿಕೆ ಮಡಿಕೆಯಾಗಿ ಬಗ್ಗಿಸಿದ ತಗಡು ಎಷ್ಟು ಸಾಲು ಇದೆ ಎಂದು ಎಣಿಸಲಿ. ಎರಡು ಹಲಗೆ, ಎರಡು ಸಾಲು ತಗಡು ಇದ್ದರೆ ಅದು ಟೈಪ್ 22. 60 ಸೆಂಟಿಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲದ ಟೈಪ್ 22 ಸುಮಾರು 1000 ವಾಟ್ ಕೊಡುತ್ತದೆ.

ಅದರ ಬದಲಿಗೆ 120 ಎತ್ತರ, 50 ಅಗಲದ ಬಿಳಿ ಟವೆಲ್ ವಾರ್ಮರ್ ಹಾಕಿದರೆ ಸಿಗುವುದು 550ರಿಂದ 600 ವಾಟ್. ಎತ್ತರ ಎರಡು ಪಟ್ಟು, ಶಾಖ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಏಣಿಯ ಮೆಟ್ಟಿಲುಗಳ ನಡುವೆ ಖಾಲಿ ಜಾಗ, ಹಿಂದುಗಡೆ ಮಡಿಕೆ ತಗಡೂ ಇಲ್ಲ. ಗಾಳಿಗೆ ತಾಗುವ ಲೋಹವೇ ಕಡಿಮೆ. 1000 ವಾಟ್ ಬೇಕೇ ಬೇಕು ಎಂದರೆ 180 ಎತ್ತರ, 60 ಅಗಲದ್ದು ಬೇಕಾಗುತ್ತದೆ. ಅಂದರೆ ಆಳೆತ್ತರದ್ದು. ಅಷ್ಟು ಖಾಲಿ ಗೋಡೆ ಇದೆಯಾ ಕೇಳಿ.

ಸೊಸೆಯವರು ಇಷ್ಟಪಟ್ಟಿರುವುದು ಕನ್ನಡಿಯಂತೆ ಹೊಳೆಯುವ ಕ್ರೋಮಿನದ್ದು ಎಂದು ನನ್ನ ಊಹೆ. ಎಲ್ಲರಿಗೂ ಅದೇ ಇಷ್ಟ. ಹೊಳೆಯುವ ಮೈ ಶಾಖವನ್ನು ಹೊರಗೆ ಬಿಡುವುದು ಕಡಿಮೆ. ಅದೇ ಅಳತೆಯ ಬಣ್ಣದ್ದಕ್ಕಿಂತ ಕಾಲು ಭಾಗದಷ್ಟು ಕಡಿಮೆ ಎಂದಿಟ್ಟುಕೊಳ್ಳಿ. ಅದರ ಮೇಲೆ ದಪ್ಪ ಟವೆಲ್ ಎರಡು ಹೊದಿಸಿದರೆ ಇನ್ನೂ ಇಳಿಯುತ್ತದೆ. ಟವೆಲ್ ಬಿಸಿ, ಕೋಣೆ ತಣ್ಣಗೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಪೆಟ್ಟಿಗೆಯ ಮೇಲೆ ಬರೆದ ವಾಟ್ ಓದುವಾಗ ಅದರ ಪಕ್ಕದ ಮೂರು ಅಂಕಿಗಳನ್ನೂ ಓದಬೇಕು. ಯುರೋಪಿನ ಇಎನ್ 442 ಮಾನದಂಡದ ಪ್ರಕಾರ ಆ ಅಂಕಿಗಳು 75, 65, 20. ಒಳಗೆ ಬರುವ ನೀರು 75 ಡಿಗ್ರಿ, ಹೊರಗೆ ಹೋಗುವುದು 65, ಕೋಣೆ 20 ಎಂದು ಅರ್ಥ. ಮಗನ ಕಟ್ಟಡದಲ್ಲಿ ನೀರು ಅಷ್ಟು ಬಿಸಿ ಇರಬೇಕೆಂದಿಲ್ಲ. 55ಕ್ಕೆ ಬಂದು 45ಕ್ಕೆ ಹೋಗುವುದಾದರೆ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಂದೆ ಆ ಕಟ್ಟಡಕ್ಕೆ ಬಾಯ್ಲರಿನ ಬದಲು ಹೀಟ್ ಪಂಪ್ (ಹೊರಗಿನ ಗಾಳಿ ಅಥವಾ ನೆಲದಿಂದ ಶಾಖ ಎಳೆದುಕೊಡುವ ಯಂತ್ರ) ಬಂದು ನೀರು 45ಕ್ಕೆ ಬಂದು 35ಕ್ಕೆ ಹೋಗತೊಡಗಿದರೆ ಉಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಹಳೆಯ ರೇಡಿಯೇಟರಿನ ಶಾಖವೂ ಇದೇ ಥರ ಇಳಿಯುತ್ತದೆ ಅನ್ನುವುದು ನಿಜ. ಹಾಗಾಗಿ ಎರಡನ್ನೂ ಒಂದೇ ಬಿಸಿಯ ಅಂಕಿಯಲ್ಲಿ ಹೋಲಿಸಿದರೆ ಮೋಸವಿಲ್ಲ. ಕೆಲವು ಮಾರಾಟಗಾರರು 90 ಡಿಗ್ರಿ ನೀರಿನ ಹಳೇ ಅಂಕಿಯನ್ನು ದೊಡ್ಡದಾಗಿ ಬರೆದಿರುತ್ತಾರೆ. ಅಲ್ಲಿ ಎಚ್ಚರ ಬೇಕು.

ನನ್ನನ್ನು ಕೇಳಿದರೆ, ಜಾಗ ಇದ್ದಲ್ಲಿ ರೇಡಿಯೇಟರ್ ಅದರ ಪಾಡಿಗೆ ಇರಲಿ. ಬೇರೆ ಗೋಡೆಗೆ ಕರೆಂಟಿನ ಚಿಕ್ಕ ಟವೆಲ್ ವಾರ್ಮರ್ ಹಾಕಿಕೊಳ್ಳಲಿ. ಸೊಸೆಯವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಗೊತ್ತು. ಬದಲಾಯಿಸಲೇಬೇಕೆಂದರೆ ಗೋಡೆ ಒಪ್ಪುವಷ್ಟು ದೊಡ್ಡದು, ಬಿಳಿ ಅಥವಾ ಬೇರೆ ಬಣ್ಣದ್ದು ಆರಿಸಲಿ.

ಇನ್ನು ಫೋನಿನ ವಿಷಯ. ಫ್ಲ್ಯಾಟ್ ಅಂದಿರಲ್ಲ, ಅಲ್ಲೇ ಇರುವುದು ಪೇಚು. ರೇಡಿಯೇಟರಿನ ಮೈಮೇಲೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಡಬ್ಬಿ ಅಂಟಿಕೊಂಡಿದೆಯಾ ಎಂದು ಮಗನನ್ನು ಕೇಳಿ. ಸಣ್ಣ ಪರದೆ, ಅದರಲ್ಲಿ ಅಂಕಿಗಳು, ಬದಿಯಲ್ಲಿ ಒಂದು ಸೀಲು. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದಾಗ ಯಾವ ಮನೆ ಎಷ್ಟು ಶಾಖ ಬಳಸಿತು ಎಂದು ಹಂಚುವುದು ಆ ಡಬ್ಬಿಯಿಂದ. ಅಲ್ಲಿನ ಕಾನೂನಿನಂತೆ ಹೀಟಿಂಗ್ ಖರ್ಚಿನಲ್ಲಿ ಕನಿಷ್ಠ ಶೇಕಡಾ 50, ಗರಿಷ್ಠ ಶೇಕಡಾ 70 ಪಾಲನ್ನು ಬಳಕೆಯ ಲೆಕ್ಕದಲ್ಲಿ ಹಂಚುತ್ತಾರೆ. ಡಬ್ಬಿ ನೀರನ್ನು ಅಳೆಯುವುದಿಲ್ಲ, ರೇಡಿಯೇಟರಿನ ಮೈ ಎಷ್ಟು ಬಿಸಿಯಾಗಿದೆ ಎಂದಷ್ಟೇ ನೋಡುತ್ತದೆ. ಅದನ್ನು ರೇಡಿಯೇಟರಿನ ಅಳತೆಗೆ ಗುಣಿಸಿ ಬಿಲ್ಲು ಮಾಡುತ್ತಾರೆ. ಸೀಲು ಒಡೆದು ಡಬ್ಬಿಯನ್ನು ಹೊಸದಕ್ಕೆ ಸಿಕ್ಕಿಸಿದರೆ ಲೆಕ್ಕವೆಲ್ಲ ತಪ್ಪು, ಜಗಳ ಗ್ಯಾರಂಟಿ. ಡಬ್ಬಿಯ ಕಂಪನಿಯವರೇ ಬಂದು ತೆಗೆದು, ಹೊಸ ಅಳತೆ ಬರೆದುಕೊಂಡು ಹೊಸದನ್ನು ಕೂರಿಸಬೇಕು. ಇದು ಒಂದು ಫೋನು.

ಇನ್ನೊಂದು ಫೋನು ಕಟ್ಟಡ ನೋಡಿಕೊಳ್ಳುವವರಿಗೆ. ಮೇಲಿನಿಂದ ಕೆಳಗಿನವರೆಗೆ ನೀರಿನ ಕೊಳವೆ ಎಲ್ಲರಿಗೂ ಒಂದೇ. ವಾಲ್ವ್ ಬದಲಿಸಲು ನೀರು ಇಳಿಸಬೇಕೆಂದರೆ ಆ ಸಾಲಿನ ಎಲ್ಲ ಮನೆಗಳ ರೇಡಿಯೇಟರೂ ತಣ್ಣಗಾಗುತ್ತದೆ. ಜನವರಿಯಲ್ಲಿ ಯಾರೂ ಒಪ್ಪುವುದಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ, ಹೀಟಿಂಗ್ ಇಲ್ಲದ ದಿನಗಳಲ್ಲಿ ಈ ಕೆಲಸ ಇಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ.

ನೀರು ಇಳಿಸದೆಯೇ, ವಾಲ್ವ್ ಮುಚ್ಚಿ ರೇಡಿಯೇಟರ್ ಮಾತ್ರ ಬಿಚ್ಚುತ್ತೇನೆ ಎನ್ನುವವರಿದ್ದಾರೆ. ಆಗುತ್ತದೆ. ಆದರೆ ಇಲ್ಲಿ ಒಂದು ಅಪಾಯ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ. ರೇಡಿಯೇಟರಿನ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಬರೆದ ತಿರುಗಿಸುವ ತಲೆ ಇರುತ್ತದೆ. 1ಕ್ಕಿಂತ ಕೆಳಗೆ ಹಿಮದ ಹರಳಿನ ಗುರುತು. ಅಲ್ಲಿಗೆ ತಿರುಗಿಸಿದರೆ ಮುಚ್ಚಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಮುಚ್ಚಿಲ್ಲ. ಕೋಣೆ ಸುಮಾರು 6 ಡಿಗ್ರಿಗೆ ಇಳಿದರೆ ಒಳಗಿನ ನೀರು ಹೆಪ್ಪುಗಟ್ಟದಿರಲೆಂದು ಅದು ತಾನಾಗಿ ತೆರೆಯುತ್ತದೆ. ರೇಡಿಯೇಟರ್ ಬಿಚ್ಚಿಟ್ಟು, ಕಿಟಕಿ ತೆರೆದು, ಎರಡು ದಿನ ಊರಿಗೆ ಹೋದರೆ? ಕೆಳಗಿನ ಮನೆಯವರ ಮಾಡಿನಿಂದ ನೀರು ಸುರಿಯುತ್ತದೆ. ಆ ತಲೆಯನ್ನು ತೆಗೆದು ವಾಲ್ವಿನ ಮೂತಿಗೆ ತಿರುಪಿನ ಮುಚ್ಚಳ ಹಾಕಬೇಕು, ಪೈಪಿನ ಬಾಯಿಗೂ ಬಿರಡೆ ಹಾಕಬೇಕು. ಎರಡೂ.

ಬಿಚ್ಚುವಾಗ ಒಳಗಿನಿಂದ ಕಪ್ಪು ನೀರು ಬರುತ್ತದೆ. ಕೆಟ್ಟಿತು ಎಂದು ಗಾಬರಿಯಾಗುವುದು ಬೇಡ, ಅದು ಕಬ್ಬಿಣದ ಕರಿ ತುಕ್ಕು. ವರ್ಷಗಟ್ಟಲೆ ಅದೇ ನೀರು ಸುತ್ತುತ್ತಿರುತ್ತದೆ. ಟೈಲ್ಸಿನ ಸಂದಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಕೆಳಗೆ ಹಳೆ ಬಟ್ಟೆ ಹಾಸಲಿ, ಅಗಲದ ಬೋಗುಣಿ ಇಡಲಿ.

ಕೆಲಸದಲ್ಲಿ ನಿಜವಾಗಿ ಹಣ ನುಂಗುವುದು ಪೈಪುಗಳ ನಡುವಿನ ಅಂತರ. ಅಲ್ಲಿನ ಹಳೆಯ ರೇಡಿಯೇಟರುಗಳಿಗೆ ಸಾಮಾನ್ಯವಾಗಿ ಪಕ್ಕದಿಂದ, ಮೇಲೊಂದು ಕೆಳಗೊಂದು ಪೈಪು ಬಂದಿರುತ್ತದೆ. ಎರಡರ ನಡುವೆ 50 ಸೆಂಟಿಮೀಟರ್ ಇರುವುದು ಹೆಚ್ಚು. ಈಗಿನ ಟವೆಲ್ ವಾರ್ಮರುಗಳಿಗೆ ಕೆಳಗೆ ನಡುಮಧ್ಯದಲ್ಲಿ, ಬರೀ 5 ಸೆಂಟಿಮೀಟರ್ ಅಂತರದಲ್ಲಿ ಎರಡು ಬಾಯಿ ಇರುತ್ತವೆ. ಇಲ್ಲವೇ ಕೆಳಗಿನ ಎರಡು ಮೂಲೆಗಳಲ್ಲಿ. ಹೊಂದದಿದ್ದರೆ ಟೈಲ್ಸ್ ಒಡೆದು ಪೈಪು ಸರಿಸಬೇಕು, ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗುವುದಿಲ್ಲ, ಕೊನೆಗೆ ಇಡೀ ಗೋಡೆ ಬದಲಿಸಬೇಕಾಗುತ್ತದೆ. ಹಳೆಯ ಪೈಪಿಗೆ ಸರಿಹೊಂದುವಂತೆ ಪಕ್ಕದಲ್ಲಿ ಬಾಯಿ ಇರುವ ಟವೆಲ್ ವಾರ್ಮರುಗಳೂ ಸಿಗುತ್ತವೆ. ಸ್ವಲ್ಪ ದುಬಾರಿ, ಆದರೂ ಅದೇ ಲಾಭ. ಕೊಳ್ಳುವ ಮುಂಚೆ ಪೈಪಿನ ನಡುವಿನಿಂದ ನಡುವಿಗೆ ಅಳತೆ ತೆಗೆದುಕೊಳ್ಳಲಿ. ಅಂಚಿನಿಂದ ಅಂಚಿಗೆ ಅಳೆಯಬಾರದು.

ಯಾವ ಪೈಪಿನಲ್ಲಿ ಬಿಸಿನೀರು ಬರುತ್ತದೆ, ಯಾವುದರಲ್ಲಿ ಹೋಗುತ್ತದೆ ಎಂದು ಹೀಟಿಂಗ್ ಇರುವಾಗಲೇ ಮುಟ್ಟಿ ಗುರುತು ಹಾಕಿಡಲಿ. ಅದಲುಬದಲಾದರೆ ಮೇಲಿನ ಮೆಟ್ಟಿಲುಗಳು ತಣ್ಣಗೇ ಉಳಿಯುತ್ತವೆ, ವಾಲ್ವ್ ಟಕಟಕ ಬಡಿಯತೊಡಗುತ್ತದೆ. ಹಳೆಯ ಕೆಲವು ಕಟ್ಟಡಗಳಲ್ಲಿ ಒಂದೇ ಪೈಪು ಒಂದು ರೇಡಿಯೇಟರಿನಿಂದ ಇನ್ನೊಂದಕ್ಕೆ ಹಾಯ್ದು ಹೋಗಿರುತ್ತದೆ. ಅಲ್ಲಿ ಬೇರೆಯೇ ವಾಲ್ವ್ ಬೇಕು. ಹಾಗಿದ್ದರೆ ಮಗ ಇದಕ್ಕೆ ಕೈಹಾಕದೆ ಹೀಟಿಂಗ್ ಕೆಲಸದವರನ್ನೇ ಕರೆಸಲಿ. ಉಳಿದದ್ದು ಗಾಳಿ ಬಿಡುವುದು, ಒತ್ತಡ ಸರಿ ಮಾಡುವುದು. ಮೇಲಿನ ಮೂಲೆಯ ಸಣ್ಣ ತಿರುಪನ್ನು ಕೀಲಿಯಿಂದ ಸಡಿಲಿಸಿದರೆ ಸುಯ್ ಎಂದು ಗಾಳಿ ಹೋಗಿ ನೀರು ಬರುತ್ತದೆ, ಆಗ ಬಿಗಿಯಬೇಕು. ಫ್ಲ್ಯಾಟಿನಲ್ಲಿ ಒತ್ತಡ ನೋಡುವುದು ಕಟ್ಟಡದವರ ಕೆಲಸ.

ಬೇಸಿಗೆಯಲ್ಲಿ ಹೀಟಿಂಗ್ ನಿಂತಾಗ ಈ ಏಣಿ ಬರೀ ಟವೆಲ್ ನೇತುಹಾಕುವ ಕಂಬಿ. ಅದಕ್ಕೆಂದೇ ಕೆಳಗಿನ ಬಾಯಿಯೊಳಗೆ ಕರೆಂಟಿನ ಹೀಟಿಂಗ್ ರಾಡ್ ಕೂರಿಸುತ್ತಾರೆ. 300ರಿಂದ 600 ವಾಟಿನದ್ದು ಸಾಕು. ಅದನ್ನು ಬಳಸುವಾಗ ಒಳಗೆ ನೀರು ತುಂಬಿರಬೇಕು, ಎರಡು ವಾಲ್ವುಗಳಲ್ಲಿ ಒಂದು ತೆರೆದೇ ಇರಬೇಕು. ಬಿಸಿಯಾದ ನೀರು ಹಿಗ್ಗುತ್ತದೆ, ಅದಕ್ಕೆ ಹೋಗಲು ದಾರಿ ಬೇಡವೇ? ಎರಡನ್ನೂ ಮುಚ್ಚಿ ರಾಡ್ ಹಾಕಿದರೆ ಎಲ್ಲಾದರೂ ಒಂದು ಕಡೆ ಒಡೆಯುತ್ತದೆ. ಈ ರಾಡಿನ ಕರೆಂಟ್ ಕೆಲಸ ಮಾತ್ರ ಮಗ ಮಾಡುವುದು ಬೇಡ. ಷವರ್ ಅಥವಾ ಟಬ್ಬಿನಿಂದ 60 ಸೆಂಟಿಮೀಟರಿನೊಳಗೆ ಏನು ಇರಬಹುದು, ಏನು ಇರಬಾರದು ಎಂದು ಅಲ್ಲಿ ಕಟ್ಟುನಿಟ್ಟಿನ ನಿಯಮ ಇದೆ.

ಈಗ ಬದಿಯಡ್ಕಕ್ಕೆ ಬರೋಣ. ನಿಮ್ಮಲ್ಲಿ ಚಳಿಯ ಕಾಟವಿಲ್ಲ, ಇರುವುದು ತೇವದ ಕಾಟ. ಮಗನ ಮನೆಯಲ್ಲಿ ಟವೆಲ್ ಒಣಗುವುದಕ್ಕೂ ನಿಮ್ಮಲ್ಲಿ ಒಣಗದಿರುವುದಕ್ಕೂ ಕಾರಣ ಹೊರಗಿನ ಗಾಳಿ. ಸೊನ್ನೆ ಡಿಗ್ರಿಯ ಗಾಳಿಯಲ್ಲಿ, ಅದು ಎಷ್ಟೇ ಮಂಜಿನ ಗಾಳಿಯಾಗಿರಲಿ, ಒಂದು ಘನ ಮೀಟರಿನಲ್ಲಿ 5 ಗ್ರಾಮಿಗಿಂತ ಜಾಸ್ತಿ ನೀರಿನ ಆವಿ ಇರಲಾರದು. ಅದು ಒಳಗೆ ಬಂದು 24 ಡಿಗ್ರಿಗೆ ಬಿಸಿಯಾದರೆ 21 ಗ್ರಾಮಿನ ತನಕ ಹಿಡಿಯಬಲ್ಲದು. ಹದಿನಾರು ಗ್ರಾಮಿನಷ್ಟು ಜಾಗ ಖಾಲಿ. ಟವೆಲಿನ ನೀರನ್ನು ಅದು ಸುಲಭವಾಗಿ ಎಳೆದುಕೊಳ್ಳುತ್ತದೆ.

ನಿಮ್ಮ ಆಟಿ ತಿಂಗಳ ಗಾಳಿ ನೋಡಿ. 26 ಡಿಗ್ರಿ, ತೇವಾಂಶ ಶೇಕಡಾ 90. ಒಂದು ಘನ ಮೀಟರಿನಲ್ಲಿ ಆಗಲೇ 22 ಗ್ರಾಮ್ ಆವಿ ಇದೆ, ಹಿಡಿಯುವುದು 24 ಚಿಲ್ಲರೆ. ಉಳಿದ ಜಾಗ ಎರಡೂವರೆ ಗ್ರಾಮ್ ಕೂಡ ಇಲ್ಲ. ನಿಮ್ಮ ಬಚ್ಚಲುಮನೆ 8 ಘನ ಮೀಟರ್ ಇದ್ದರೆ ಅಲ್ಲಿನ ಗಾಳಿಯೆಲ್ಲ ಸೇರಿ 20 ಗ್ರಾಮ್ ನೀರು ಹೀರೀತು. ಮೈ ಒರೆಸಿದ ದಪ್ಪ ಟವೆಲಿನಲ್ಲಿ 200 ಗ್ರಾಮ್ ನೀರು ಇರುವುದು ದೊಡ್ಡ ಸಂಗತಿಯಲ್ಲ. ಉಳಿದ 180 ಎಲ್ಲಿಗೆ ಹೋಗಬೇಕು? ಅದು ಟವೆಲಿನಲ್ಲೇ ಉಳಿಯುತ್ತದೆ, ಮಾರನೆಯ ದಿನ ಮುಗ್ಗು ವಾಸನೆ.

ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಘನ ಮೀಟರಿಗೆ 17 ಗ್ರಾಮ್ ಹಿಡಿಯುವಷ್ಟು ಜಾಗ ಆಗುತ್ತದೆ. ಟವೆಲ್ ವಾರ್ಮರ್ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ಆವಿ ತುಂಬಿದ ಆ ಗಾಳಿ ಹೊರಗೆ ಹೋಗದಿದ್ದರೆ ತಣಿದು ಗೋಡೆಗೆ, ಕನ್ನಡಿಗೆ, ಮಾಡಿಗೆ ಕೂತು ಅಲ್ಲಿ ಬೂಷ್ಟು ಹಿಡಿಸುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲಿನ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕುತ್ತಿದ್ದರಲ್ಲ, ಅದು ಒಣಗುತ್ತಿದ್ದದ್ದು ಒಲೆಯ ಬಿಸಿಯೊಂದರಿಂದಲೇ ಅಲ್ಲ. ಬಿಸಿಗಾಳಿ ಹೊಗೆಯೊಂದಿಗೆ ಮೇಲೇರಿ ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಈಗಿನ ಬಚ್ಚಲಿಗೆ ಮೇಲೆ ಕಾಂಕ್ರೀಟು, ಗೋಡೆಗೆ ಟೈಲ್ಸು, ಸೊಳ್ಳೆಗೆ ಹೆದರಿ ಮುಚ್ಚಿದ ಗಾಜಿನ ಕಿಟಕಿ. ಸೊಳ್ಳೆ ಬಲೆ ಹಾಕಿಸಿ ಕಿಟಕಿ ತೆರೆದಿಡಿ.

ಸೋಲಾರ್ ಯಾಕೆ ಬೇಡ ಎಂದೆ? ನಲ್ಲಿ ತಿರುಗಿಸಿದಾಗ ಮಾತ್ರ ಆ ಪೈಪಿನಲ್ಲಿ ನೀರು ಹರಿಯುತ್ತದೆ. ಸ್ನಾನ ಮುಗಿದ ಮೇಲೆ ಏಣಿಯೊಳಗಿನ ನೀರು ನಿಂತಲ್ಲೇ ತಣಿಯುತ್ತದೆ. ಟವೆಲ್ ಒದ್ದೆಯಾಗುವುದು ಸ್ನಾನದ ನಂತರ ತಾನೇ? ಸದಾ ಸುತ್ತುವಂತೆ ಮಾಡಲು ವಾಪಸು ಪೈಪು, ಪಂಪು ಎರಡೂ ಬೇಕು, ಆಗ ಟ್ಯಾಂಕಿನ ಬಿಸಿಯೆಲ್ಲ ಸೋರಿಹೋಗುತ್ತದೆ. ಅಲ್ಲದೆ ನಿಮಗೆ ಇದು ಬೇಕಾಗಿರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಬಿಸಿಲೇ ಇಲ್ಲದ ಕಾಲ ಅದು.

ಇದಕ್ಕಿಂತ ದೊಡ್ಡ ಕಾರಣ ತುಕ್ಕು. ಮಗನ ಮನೆಯ ಹೀಟಿಂಗಿನಲ್ಲಿ ಮುಚ್ಚಿದ ಕೊಳವೆಯೊಳಗೆ ಒಂದೇ ನೀರು ಸುತ್ತುತ್ತದೆ. ಅದರಲ್ಲಿದ್ದ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಆಮೇಲೆ ಉಕ್ಕು ತುಕ್ಕು ಹಿಡಿಯುವುದು ತೀರಾ ಕಡಿಮೆ. ನಿಮ್ಮ ಸೋಲಾರಿಗೆ ದಿನಾ ಹೊಸ ನೀರು, ಹೊಸ ಆಮ್ಲಜನಕ. ಅದರ ಮೇಲೆ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲದ ಗುಣದ್ದು, ಕಬ್ಬಿಣಕ್ಕೆ ಅದು ಶತ್ರು. ಮಗ ಅಲ್ಲಿಂದ ಉಕ್ಕಿನದ್ದೇ ಒಂದನ್ನು ಕಳಿಸಿಕೊಟ್ಟರೂ ಒಳಗಿನಿಂದ ತೂತು ಬಿದ್ದು ಸೋರುತ್ತದೆ. ಅದಕ್ಕೆ ಮುಂಚೆ ಸ್ನಾನದ ನೀರೇ ಕೆಂಪಗೆ ಬರತೊಡಗುತ್ತದೆ.

ನಿಮಗೆ ಸರಿಹೋಗುವುದು ನೀರೇ ಇಲ್ಲದ, ಒಳಗೆ ಬರೀ ಹೀಟಿಂಗ್ ತಂತಿ ಇರುವ ಕರೆಂಟಿನ ಟವೆಲ್ ವಾರ್ಮರ್. 100 ವಾಟ್ ಸಾಕು. ದಿನಕ್ಕೆ 6 ಗಂಟೆ ಹಾಕಿದರೆ 0.6 ಯೂನಿಟ್, ತಿಂಗಳಿಗೆ 18. ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದಲ್ಲ, ಅದರಲ್ಲಿ 500 ಯೂನಿಟಿನ ಹತ್ತಿರ ಇದ್ದೀರಾ ನೋಡಿಕೊಳ್ಳಿ. ತಿಂಗಳಿಗೆ 250 ದಾಟಿದರೆ ಸ್ಲ್ಯಾಬಿನ ಲೆಕ್ಕ ಹೋಗಿ ಮೊದಲ ಯೂನಿಟಿನಿಂದಲೇ ಜಾಸ್ತಿ ದರ ಬೀಳುತ್ತದೆ. ಆಗ ಈ 18 ಯೂನಿಟ್ ನಿಜಕ್ಕೂ ದುಬಾರಿ.

ಇದನ್ನು ಬಚ್ಚಲಿನ ಒಳಗೆ ಹಾಕಿಸಬೇಡಿ. ಜರ್ಮನಿಯಲ್ಲಿ ಷವರ್ ಒಂದು ಮೂಲೆಯಲ್ಲಿ ಗಾಜಿನ ಹಿಂದೆ ಇರುತ್ತದೆ. ನಮ್ಮದು ಬಾಲ್ದಿ, ಚೊಂಬಿನ ಸ್ನಾನ, ನೀರು ನಾಲ್ಕೂ ಗೋಡೆಗೆ ಹಾರುತ್ತದೆ. 60 ಸೆಂಟಿಮೀಟರಿನ ನಿಯಮ ನಮ್ಮಲ್ಲಿ ಸಾಲುವುದಿಲ್ಲ. ಬಚ್ಚಲಿನ ಹೊರಗಿನ ಗೋಡೆಗೆ, ಗಾಳಿ ಆಡುವ ಕಡೆ, ಕಿಟಕಿಯ ಹತ್ತಿರ ಹಾಕಿಸಿ. ಒಳಗಿನ ತೇವಕ್ಕೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇರಲಿ, ಸ್ನಾನವಾದ ಮೇಲೆ ಕಾಲು ಗಂಟೆ ತಿರುಗಿದರೆ ಸಾಕು. ಫ್ಯಾನ್ ತಿರುಗುವಾಗ ಬಾಗಿಲಡಿಯಲ್ಲಿ ಗಾಳಿ ಬರುವಷ್ಟು ಸಂದು ಇರಬೇಕು, ಇಲ್ಲದಿದ್ದರೆ ಅದು ಸುಮ್ನೆ ಶಬ್ದ ಮಾಡುತ್ತದೆ.

ಇನ್ನೊಂದು ಮಾತು. ಮಳೆಗಾಲಕ್ಕೆ ಆ ದಪ್ಪ ಟರ್ಕಿ ಟವೆಲನ್ನು ಕಪಾಟಿನಲ್ಲಿಡಿ. ತೆಳು ಬೈರಾಸು, ನಿಮ್ಮ ಅಂಗಡಿಗಳಲ್ಲಿ ಸಿಗುವ ತೋರ್ತು ಬಳಸಿ. ಹಿಡಿದುಕೊಳ್ಳುವ ನೀರು ಕಡಿಮೆ, ಹಿಂಡಿದರೆ ಅರ್ಧ ಹೋಗುತ್ತದೆ, ಫ್ಯಾನಿನ ಕೆಳಗೆ ರಾತ್ರಿ ಬೆಳಗಾಗುವುದರೊಳಗೆ ಒಣಗಿರುತ್ತದೆ. ಮೊದಲು ಒಂದು ತಿಂಗಳು ಇದನ್ನೇ ಮಾಡಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ.

ಆಮೇಲೂ ಬೇಕೆನಿಸಿದರೆ ಕೊಳ್ಳುವ ಮೊದಲು ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪ್ ಎಂದು ಬರೆದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇದೆಯಾ ನೋಡಿ. ಅದರ ಮೇಲೆ ಟಿ ಎಂದು ಬರೆದ ಗುಂಡಿ ಇರುತ್ತದೆ. ಕಂಪ್ಯೂಟರ್, ಟಿವಿ ಎಲ್ಲ ಆರಿಸಿ ಅದನ್ನು ಒತ್ತಿ. ಟಕ್ ಎಂದು ಸ್ವಿಚ್ ಕೆಳಗೆ ಬಿದ್ದರೆ ಸರಿ. ಬೀಳದಿದ್ದರೆ ಅದನ್ನು ಬದಲಿಸುವ ತನಕ ಟವೆಲ್ ವಾರ್ಮರ್ ಬೇಡ. ಎಲೆಕ್ಟ್ರಿಷಿಯನ್ ಬಂದಾಗ ಅರ್ತಿಂಗನ್ನೂ ನೋಡಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಅರ್ತ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯಬೇಕಾಗುತ್ತದೆ.